ರಿವರ್ಬ್ ಪೆಡಲಿಗೆ ನಾನು ಹೇಳಿಕೊಟ್ಟ ನಾಲ್ಕು ನಿಯಮಗಳು

ಆ ಪೆಟ್ಟಿಗೆಯದು ಏನೂ ತಪ್ಪಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆರು ವರ್ಷ ನಾನು ಎಲ್ಲರ ಹತ್ತಿರ ತಪ್ಪನ್ನು ಅದರ ಮೇಲೆಯೇ ಹಾಕಿಕೊಂಡು ಬಂದವನು. ಅದೂ ದೂರು ಹೇಳುವವನ ಹಾಗೆ ಅಲ್ಲ, ವಿದ್ಯೆ ಹೇಳಿಕೊಡುವವನ ಹಾಗೆ. "ಅದರ ಸ್ವಭಾವವೇ ಹಾಗೆ, ನಾವು ಹೊಂದಿಕೊಂಡು ಹೋಗ್ಬೇಕು" ಎನ್ನುತ್ತಿದ್ದೆ. ಕೇಳಿದವರು ತಲೆಯಾಡಿಸುತ್ತಿದ್ದರು.

ನನಗೆ ಈಗ ಎಪ್ಪತ್ತೊಂದು. ಎಸ್ಸೆಸ್ಸೆಲ್ಸಿ ಪಾಸು, ಎರಡನೆಯ ಸಲಕ್ಕೆ. ಪುತ್ತೂರು ಪೇಟೆಯಲ್ಲಿ ಒಂದು ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಮೊದಲು ರೇಡಿಯೋ, ಆಮೇಲೆ ಟೇಪ್ ರೆಕಾರ್ಡರ್, ಆಮೇಲೆ ಟಿವಿ, ಈಗ ಹೆಚ್ಚಾಗಿ ಮಿಕ್ಸಿ. ಅಂಗಡಿಯ ಮೇಲೆ ಒಂದು ಕೋಣೆ ಉಂಟು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾವು ನಾಲ್ಕು ಜನ ಅಲ್ಲಿ ಸೇರಿ ಹಳೆಯ ಹಾಡುಗಳನ್ನು ನುಡಿಸುತ್ತೇವೆ. ನಾನು ಹಾರ್ಮೋನಿಯಂ. ಹಾಡುವುದು ಕೆದಂಬಾಡಿಯ ಒಬ್ಬರು ನಿವೃತ್ತ ಟೀಚರ್. ತಬಲಕ್ಕೆ ಸುಳ್ಯದಿಂದ ಬರುವ, ಮೊದಲು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಒಬ್ಬರು. ಅವರದು ಅರೆಭಾಷೆಯ ಮನೆ, ಸಿಟ್ಟು ಬಂದರೆ ನಮ್ಮ ಹತ್ತಿರವೂ ಅರೆಭಾಷೆಯಲ್ಲೇ ಮಾತಾಡುತ್ತಾರೆ. ಗಿಟಾರಿಗೆ ಕಡಬದವರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಅವರಿಗೆ ಮಾಡಿದ್ದು ಸಾಕು.

ನಮ್ಮ ತಂಡಕ್ಕೆ ಹೆಸರಿಲ್ಲ. ನಿವೃತ್ತರಾದವರ ಬೀಳ್ಕೊಡುಗೆ, ಅರವತ್ತು ತುಂಬಿದವರ ಸಮಾರಂಭ, ಹಳೆ ವಿದ್ಯಾರ್ಥಿಗಳ ಸಭೆ, ಇಂಥ ಕಡೆ ಊಟಕ್ಕೆ ಮೊದಲು ಒಂದು ಗಂಟೆ ನುಡಿಸುತ್ತೇವೆ. ಊಟದ ಬಾಗಿಲು ತೆಗೆದ ಕೂಡಲೇ ನಿಲ್ಲಿಸುತ್ತೇವೆ, ನಿಲ್ಲಿಸದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ಕಡಬದವರು ಬ್ಯಾರಿಗಳು, ಕರಾವಳಿಯ ಮುಸಲ್ಮಾನರು. ಗಲ್ಫಿನಲ್ಲಿ ದೊಡ್ಡದೊಂದು ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದು ಊರಿಗೆ ಬಂದು, ಕಡಬದಲ್ಲಿ ಪೈಂಟು ಮತ್ತು ಹಾರ್ಡ್‌ವೇರ್ ಅಂಗಡಿ ಹಾಕಿದವರು. ಅಲ್ಲಿ ಕೋಣೆಯಲ್ಲಿ ಜೊತೆಗಿದ್ದ ಒಬ್ಬ ಗೋವೆಯವನಿಂದ ಗಿಟಾರು ಕಲಿತಿದ್ದರಂತೆ. ನನಗಿಂತ ಏಳು ವರ್ಷ ಚಿಕ್ಕವರು, ನನ್ನನ್ನು ಅಣ್ಣ ಎಂದು ಕರೆಯುವವರು. ಮೊದಲ ಸಲ ನಮ್ಮ ಕೋಣೆಗೆ ಬಂದು ನುಡಿಸಿದಾಗ ತಬಲದವರು ಕೈ ನಿಲ್ಲಿಸಿ, "ಇವರ ತಾಳ ಗಡಿಯಾರದ ಹಾಗೆ ಉಂಟು ಮಾರಾಯ್ರೆ" ಎಂದಿದ್ದರು. ಇದನ್ನು ನೆನಪಿಟ್ಟುಕೊಳ್ಳಬೇಕಾದವನು ನಾನು. ಸರಿಯಾಗಿ ಆ ವಿಷಯವನ್ನೇ ಮರೆತೆ.

ರಿವರ್ಬ್ ಪೆಡಲ್ ಎಂದರೆ ಕಾಲಿನಲ್ಲಿ ಒತ್ತುವ ಒಂದು ಸಣ್ಣ ಕಬ್ಬಿಣದ ಪೆಟ್ಟಿಗೆ, ಸಾಬೂನಿನ ಡಬ್ಬಕ್ಕಿಂತ ಸ್ವಲ್ಪ ದೊಡ್ಡದು. ಗಿಟಾರಿನ ವಯರು ಅದರ ಒಳಗೆ ಹೋಗಿ ಹೊರಗೆ ಬರುತ್ತದೆ. ಒತ್ತಿದರೆ ನಾದಕ್ಕೆ ಒಂದು ಗುಂಯ್ ಸೇರುತ್ತದೆ, ಬಾವಿಯ ಕಟ್ಟೆಯಲ್ಲಿ ಬಗ್ಗಿ ಕೂಗಿದ ಹಾಗೆ. ಇನ್ನೊಮ್ಮೆ ಒತ್ತಿದರೆ ಗುಂಯ್ ಹೋಗುತ್ತದೆ. ಕಡಬದವರು ಗಲ್ಫಿನಿಂದ ತಂದ ಸಾಮಾನುಗಳಲ್ಲಿ ತನಗೋಸ್ಕರ ತಂದುಕೊಂಡದ್ದು ಗಿಟಾರು ಮತ್ತು ಇದು ಎರಡೇ. ಅದರ ಅಡಾಪ್ಟರಿನ ಪಿನ್ನು ಅಲ್ಲಿನದು, ಚಪ್ಪಟೆ. ನಮ್ಮ ಸಾಕೆಟ್ಟಿಗೆ ಹಿಡಿಯುವುದಿಲ್ಲ.

"ಅಣ್ಣಾ, ಇದಕ್ಕೊಂದು ಪಿನ್ನು ಹಾಕಿ ಕೊಡಿ. ಪೆಡಲೂ ಇಲ್ಲೇ ಇರ್ಲಿ, ಹಾಕಿ ನೋಡ್ಲಿಕ್ಕೆ ಆಗ್ತದೆ" ಎಂದು ಕೊಟ್ಟು ಹೋದರು. ಮರುದಿನ ಆಯುಧ ಪೂಜೆ.

ಅಂಗಡಿಯಲ್ಲಿ ಪೂಜೆ ಮಾಡುವವನು ನಾನೇ. ಬೆಳಿಗ್ಗೆ ನೆಲ ತೊಳೆದು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಸ್ಕ್ರೂಡ್ರೈವರುಗಳು, ಇಕ್ಕುಳ, ಸೋಲ್ಡರಿಂಗ್ ಕಡ್ಡಿ, ಮೀಟರು ಎಲ್ಲವನ್ನೂ ಸಾಲಾಗಿ ಇಟ್ಟೆ. ಪೆಡಲು ಬದಿಯ ಕಪಾಟಿನಲ್ಲಿತ್ತು. ಹೊಸ ವಸ್ತು, ಹೊಳೆಯುತ್ತಿತ್ತು. ಅದನ್ನು ಹೊರಗೆ ಬಿಟ್ಟರೆ ಭೇದ ಮಾಡಿದ ಹಾಗೆ ಆಗುತ್ತದೆ ಎಂದು ನನಗೆ ಕಂಡಿತು. ತಂದು ಮೀಟರಿನ ಹತ್ತಿರ ಇಟ್ಟೆ. ಎಲ್ಲದಕ್ಕೂ ಗಂಧ, ಕುಂಕುಮ, ಸೇವಂತಿಗೆ. ಗುಂಯ್ ಹೆಚ್ಚು ಕಡಿಮೆ ಮಾಡುವ ಪೆಡಲಿನ ಮೂರು ತಿರುಪುಗಳಿಗೆ ಮೂರು ಬೊಟ್ಟು ಇಟ್ಟೆ, ಒತ್ತುವ ಗುಂಡಿಯ ಮೇಲೆ ದೊಡ್ಡದೊಂದು. ಚೆಂದ ಕಂಡಿತು. ಆಮೇಲೆ ಕಾಯಿ ಒಡೆದು, ನೀರನ್ನು ಎಲ್ಲದರ ಮೇಲೆ ಪ್ರೋಕ್ಷಣೆ ಮಾಡಿದೆ. ವರ್ಷಾ ವರ್ಷ ಮಾಡುವುದೇ. ಇಕ್ಕುಳಕ್ಕೂ ಸ್ಕ್ರೂಡ್ರೈವರಿಗೂ ಅದರಿಂದ ಏನೂ ಆಗಿಲ್ಲ, ಮೀಟರಿಗೆ ಚರ್ಮದ ಚೀಲ ಉಂಟು. ಆ ವರ್ಷದ ಕಾಯಿಯಲ್ಲಿ ನೀರು ತುಸು ಹೆಚ್ಚಿತ್ತು. ಕೈಯಿಂದ ಜಾರಿ ಒಂದು ಗಡಿಯ, ಅಂದರೆ ಅರ್ಧ ಹೋಳಿನ, ನೀರು ಪೂರ್ತಿ ಪೆಡಲಿನ ಮೇಲೆ ಬಿತ್ತು.

ಈಗ ಒಂದು ಕ್ರಮ ಹೇಳಬೇಕು. ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಮುಟ್ಟುವುದಿಲ್ಲ. ಮರುದಿನ ವಿಜಯದಶಮಿಗೆ ತೆಗೆದು ಸಣ್ಣ ಒಂದು ಕೆಲಸ ಮಾಡಿ ಮುಹೂರ್ತ ಮಾಡುವುದು. ಪೆಡಲು ಬಿಚ್ಚಬೇಕಾದರೆ ಸ್ಕ್ರೂಡ್ರೈವರು ಬೇಕು. ಅಂಗಡಿಯ ಎಲ್ಲ ಸ್ಕ್ರೂಡ್ರೈವರುಗಳೂ ಕುಂಕುಮ ಹಚ್ಚಿಕೊಂಡು ಬಟ್ಟೆಯ ಮೇಲೆ ಕುಳಿತಿದ್ದವು. ಪೆಡಲನ್ನು ಎತ್ತಿ ಒರೆಸೋಣ ಎಂದರೆ ಅದೂ ಪೂಜೆಯಲ್ಲೇ ಇತ್ತು, ಇಟ್ಟವನು ನಾನೇ. ಎದುರಿನ ಅಂಗಡಿಯಿಂದ ಒಂದು ಸ್ಕ್ರೂಡ್ರೈವರು ಕೇಳಬಹುದಿತ್ತು. ಅವರೂ ಪೂಜೆಗೆ ಇಟ್ಟಿದ್ದರು. ಮೂವತ್ತೈದು ವರ್ಷ ನಡೆಸಿದ ಕ್ರಮವನ್ನು ಒಂದು ಗಡಿ ನೀರಿಗಾಗಿ ಮುರಿಯುವುದೇ ಎಂದು ಆಲೋಚಿಸುತ್ತಾ ಕುರ್ಚಿಯಲ್ಲಿ ಕುಳಿತೆ. ನೀರು ತಿರುಪಿನ ಸುತ್ತಲಿನ ಸಂದಿಯಿಂದ, ಗುಂಡಿಯ ಸುತ್ತಲಿನ ಸಂದಿಯಿಂದ ಮೆಲ್ಲಗೆ ಒಳಗೆ ಇಳಿಯಿತು. ಕುಂಕುಮವನ್ನೂ ಕರೆದುಕೊಂಡು ಇಳಿಯಿತು. ನಾನು ಪೂರ್ತಿ ನೋಡಿದೆ. ಆಮೇಲೆ ಬಾಗಿಲು ಹಾಕಿ ಮನೆಗೆ ಹೋಗಿ ಪಾಯಸ ಉಂಡೆ.

ಮರುದಿನ ಪೆಡಲನ್ನು ಬಿಸಿಲಿಗೆ ಇಟ್ಟು, ಅಕ್ಕಿಯ ಡಬ್ಬದಲ್ಲಿ ಹೂತು, ಕೊನೆಗೆ ಪಿನ್ನು ಬದಲಿಸಿ ಹಾಕಿ ನೋಡಿದೆ. ದೀಪ ಹತ್ತಿತು. ಕೆಲಸವೂ ಮಾಡಿತು, ಆದರೆ ಅದರ ಇಷ್ಟದಂತೆ. ಗುಂಡಿ ಒತ್ತಿದರೆ ಒಂದು ಕ್ಷಣ ತಡೆದು ಹಿಡಿಯುತ್ತಿತ್ತು, ಕಾಯಿನೀರಿನ ಅಂಟು. ತಿರುಪು ಅರ್ಧ ದಾಟಿದರೆ ನಾದ ಒಮ್ಮೆಲೇ ಹಾರಿ ಕಿರುಚುತ್ತಿತ್ತು. ಮೊದಲು ಕರೆಂಟು ಕೊಟ್ಟು ಆಮೇಲೆ ಗಿಟಾರು ಸಿಕ್ಕಿಸಿದರೆ ಹಂಡೆಯಲ್ಲಿ ಜೇನುನೊಣ ಕೂಡಿಹಾಕಿದ ಹಾಗೆ ಗೊಂಯ್‌ಗುಟ್ಟುತ್ತಿತ್ತು.

ಬಿಚ್ಚಿ ನೋಡಬಹುದಿತ್ತು. ನಾನು ಬಿಚ್ಚಲಿಲ್ಲ. ಪರದೇಶದ ವಸ್ತು, ಒಳಗೆ ಏನಿದೆಯೋ, ಬಿಚ್ಚಿದರೆ ಇನ್ನೂ ಹಾಳಾದೀತು ಎಂಬ ಹೆದರಿಕೆ ಇತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ. ಪುತ್ತೂರಿನಲ್ಲಿ ನನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತಿತ್ತು: ಅವರ ಕೈಗೆ ಕೊಟ್ಟರೆ ಸರಿಯಾಗದಿದ್ದರೂ ಹಾಳಾಗುವುದಿಲ್ಲ.

ಕಡಬದವರು ಶನಿವಾರ ಬಂದರು. ಹಾಕಿ, ಒತ್ತಿ, ಕಿವಿಗೊಟ್ಟರು. "ಸ್ವಲ್ಪ ತಡ ಹಿಡೀತದೆ ಅಲ್ವಾ ಅಣ್ಣಾ? ಅಲ್ಲಿ ಹೀಗೆ ಇರ್ಲಿಲ್ಲ."

"ಡಿಜಿಟಲ್ ಅಲ್ವಾ" ಎಂದೆ. "ಅದಕ್ಕೆ ಆಲೋಚನೆ ಮಾಡ್ಲಿಕ್ಕೆ ಸ್ವಲ್ಪ ಟೈಮು ಬೇಕು. ಅಲ್ಲಿನ ಕರೆಂಟು ಬೇರೆ, ಇಲ್ಲಿನ ಕರೆಂಟು ಬೇರೆ. ತಾಳದ ಒಂದು ಪೆಟ್ಟು ಮೊದ್ಲೇ ಒತ್ತಿ, ಸರಿ ಹೋಗ್ತದೆ."

ನಾನು ಇಷ್ಟು ಸುಲಭವಾಗಿ ಸುಳ್ಳು ಹೇಳಬಲ್ಲೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಿರುಪಿನ ಬಗ್ಗೆ ಕೇಳಿದರು. "ಅರ್ಧದಿಂದ ಮೇಲೆ ದೊಡ್ಡ ದೊಡ್ಡ ಹಾಲಿಗೆ. ನಮ್ಮ ಹಾಲಿಗೆಲ್ಲ ಅದು ಬೇಡ" ಎಂದೆ. ಗೊಂಯ್ ಎನ್ನುವುದಕ್ಕೆ, ಮೊದಲು ಗಿಟಾರು ಸಿಕ್ಕಿಸಿ ಆಮೇಲೆ ಕರೆಂಟು ಕೊಡಬೇಕು ಎಂದೆ. ಮೂರೂ ಆಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವರು ಅಷ್ಟು ಮರ್ಯಾದೆಯಿಂದ ಕೇಳುತ್ತಿದ್ದರು; ಇನ್ನೊಂದು ಹೇಳಿದರೆ ಮೊದಲಿನ ಮೂರಕ್ಕೆ ಬಲ ಬರುತ್ತದೆ ಎಂದು ಕಂಡಿತು. "ಮತ್ತೆ, ಅಡಿಗೆ ಒಂದು ಅಡಿಕೆ ಹಾಳೆಯ ತುಂಡು ಇಡಿ. ನೆಲದಿಂದ ಅರ್ತಿಂಗ್ ಬರ್ತದೆ" ಎಂದೆ. ಇದಕ್ಕೆ ಯಾವ ಕಾರಣವೂ ಇರಲಿಲ್ಲ.

ಸ್ಟೋರ್ ಕೀಪರ್ ಆಗಿದ್ದವರು ಯಾವುದನ್ನೂ ಬಾಯಿಮಾತಿನಲ್ಲಿ ಬಿಡುವುದಿಲ್ಲ. ಮರು ಭಾನುವಾರ ಬರುವಾಗ ನಾಲ್ಕನ್ನೂ ಕಂಪ್ಯೂಟರಿನಲ್ಲಿ ಹೊಡೆಸಿ, ಲ್ಯಾಮಿನೇಷನ್ ಮಾಡಿಸಿ, ಗಿಟಾರಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದರು. "ಪೆಡಲ್ ಉಪಯೋಗಿಸುವ ಕ್ರಮ" ಎಂದು ಮೇಲೆ. ಕೆಳಗೆ ಸಣ್ಣ ಅಕ್ಷರದಲ್ಲಿ, "ತಿಳಿಸಿದವರು: ಪುತ್ತೂರಿನ ಅಣ್ಣ". ಟೀಚರ್ ಅದನ್ನು ಓದಿ, "ಒಂದೂ ಕಾಗುಣಿತ ತಪ್ಪಿಲ್ಲ" ಎಂದು ಮೆಚ್ಚಿದರು.

ಆರು ವರ್ಷ ಅವರು ಆ ನಿಯಮದಂತೆ ನುಡಿಸಿದರು. ಮೊದಮೊದಲು ಏನೂ ತೊಂದರೆ ಕಾಣಲಿಲ್ಲ. ಆದರೆ ತಾಳ ಹಾಕುವುದೂ ಅದೇ ಕಾಲು, ಪೆಡಲು ಒತ್ತುವುದೂ ಅದೇ ಕಾಲು. ಒಂದು ಪೆಟ್ಟು ಮೊದಲೇ ಒತ್ತಿ ಒತ್ತಿ, ಮೆಲ್ಲಗೆ ಕೈಯೂ ಕಾಲಿನ ಹಿಂದೆ ಹೊರಟಿತು. ಹಾಡಿನ ಮಧ್ಯದಲ್ಲಿ ಎಲ್ಲಾದರೂ ಅರ್ಧ ಪೆಟ್ಟು ಮುಂಚೆ ಬರುತ್ತಿದ್ದರು. ತಬಲದವರು ಹಿಂದೆ ತಿರುಗಿ ನೋಡುತ್ತಿದ್ದರು. ನಾನು ಹಾರ್ಮೋನಿಯಂ ಮೇಲಿನಿಂದ ಮುಖ ಸಿಂಡರಿಸುತ್ತಿದ್ದೆ. ಏಕೆ ಹೀಗಾಗುತ್ತಿದೆ ಎಂದು ನಮ್ಮ ನಾಲ್ವರಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ, ಮತ್ತು ಮುಖ ಸಿಂಡರಿಸುತ್ತಿದ್ದದ್ದೂ ನಾನೊಬ್ಬನೇ.

ಕಳೆದ ವರ್ಷ ಸುಳ್ಯದಲ್ಲಿ ಒಬ್ಬ ಹೆಡ್‌ಮಾಸ್ಟರರ ಬೀಳ್ಕೊಡುಗೆ. ಟೀಚರರ ಹಳೆಯ ಸಹೋದ್ಯೋಗಿ. ಮೊದಲ ಹಾಡು ಗಿಟಾರಿನಿಂದಲೇ ಶುರು. ಒಂದಷ್ಟು ಗಿಟಾರು, ಆಮೇಲೆ ತಬಲ, ಆಮೇಲೆ ಟೀಚರ್. ಕಡಬದವರು ಅಡಿಕೆ ಹಾಳೆ ಇಟ್ಟರು, ವಯರು ಸಿಕ್ಕಿಸಿದರು, ಕರೆಂಟು ಕೊಟ್ಟರು, ಒತ್ತಿದರು. ಕೈ ಹೊರಟಿತು. ತಬಲದವರು ಹಿಡಿಯಲು ಹೋಗಿ ತಪ್ಪಿದರು, ಟೀಚರ್ ಎಲ್ಲಿಂದಲೋ ಎತ್ತಿದರು, ಹಾಡು ನಿಂತಿತು. ಮತ್ತೆ ಶುರು ಮಾಡಿದೆವು. ಮತ್ತೆ ಹಾಗೆಯೇ. ಎದುರಿನ ಸಾಲಿನಿಂದ ಒಬ್ಬರು, "ಟೆಸ್ಟಿಂಗ್ ಮುಗಿದ್ರೆ ಹೇಳಿ ಮಾರಾಯ್ರೆ, ನಾವು ಕೂತೇ ಇದ್ದೇವೆ" ಎಂದರು. ಸಭೆ ನಕ್ಕಿತು. ಟೀಚರ್ ನಗಲಿಲ್ಲ. ತಬಲದವರನ್ನು ನಾನು ವೇದಿಕೆಯ ಹಿಂದೆ ಬೈದೆ. ಅವರು ಅರೆಭಾಷೆಯಲ್ಲಿ ಏನೋ ಹೇಳಿದರು.

ಮುಂದಿನ ಭಾನುವಾರ ಎಲ್ಲರ ಎದುರು ನಾನು ಕಡಬದವರಿಗೆ ಹೇಳಿದೆ: "ನೀವು ಸ್ವಲ್ಪ ಸಮಯ ಬರುದು ಬೇಡ. ತಾಳ ನಿಲ್ಲುದಿಲ್ಲ ನಿಮ್ದು. ಪ್ರಾಯ ಆಯ್ತು, ಎಂತ ಮಾಡುದು."

ನನಗಿಂತ ಏಳು ವರ್ಷ ಚಿಕ್ಕವರಿಗೆ ಪ್ರಾಯ ಆಯಿತು ಎಂದೆ.

ಅವರು ವಾದ ಮಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಮಾಡಲಿಲ್ಲ. "ನನಗೂ ಗೊತ್ತುಂಟು ಅಣ್ಣಾ" ಎಂದರು. "ಕೈಯಲ್ಲಿ ಇಲ್ಲ ನನಗೆ. ಮೊದ್ಲು ಉಂಟು ಅಂತ ಎಣಿಸಿದ್ದೆ. ಗೋವೆಯವ ಮಾತಿಗೆ ಹೊಗಳಿದ್ದಿರಬೇಕು." ಗಿಟಾರನ್ನು ಪೆಟ್ಟಿಗೆಗೆ ಹಾಕಿದರು. ಪೆಡಲನ್ನು ಅಡಿಕೆ ಹಾಳೆಯ ಸಮೇತ ನನ್ನ ಮೇಜಿನ ಮೇಲೆ ಇಟ್ಟರು. "ಇದು ನಿಮ್ಮಲ್ಲೇ ಇರ್ಲಿ. ಇದರ ಸ್ವಭಾವ ಗೊತ್ತಿರುದು ನಿಮಗೆ ಮಾತ್ರ. ಮುಂದೆ ಬರುವವರಿಗೆ ಹೇಳಿಕೊಡಿ."

ಮೂರು ವಾರ ಅದು ಮೇಜಿನ ಮೇಲೆ ಇತ್ತು. ಗಿರಾಕಿಗಳು "ಇದೆಂತ?" ಎಂದು ಕೇಳುತ್ತಿದ್ದರು. ನಾಲ್ಕನೆಯ ವಾರ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಬಿಚ್ಚಿದೆ. ಅಡಿಯಲ್ಲಿ ನಾಲ್ಕು ಸ್ಕ್ರೂ, ಸಾಧಾರಣದ್ದೇ. ಒಳಗೆ ಗುಂಡಿಯ ಸುತ್ತ ಕಂದು ಬಣ್ಣದ ಅಂಟು, ತಿರುಪಿನ ಕೆಳಗೆ ಕುಂಕುಮದ ಗೆರೆ, ಸಾಕೆಟ್ಟಿನಲ್ಲಿ ಹಸಿರು ಕಿಲುಬು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಒಂದು ಕಡೆ ಸೋಲ್ಡರ್ ಮುಟ್ಟಿಸಿದೆ. ಮುಚ್ಚಿ, ಹಾಕಿ, ಒತ್ತಿದೆ. ಒತ್ತಿದ ಕ್ಷಣವೇ ಹಿಡಿಯಿತು. ತಿರುಪು ಕೊನೆಯವರೆಗೆ ಬೆಣ್ಣೆಯ ಹಾಗೆ ತಿರುಗಿತು. ಗೊಂಯ್ ಇಲ್ಲ. ಹಾಳೆ ತೆಗೆದು ನೋಡಿದೆ, ಆಗಲೂ ಇಲ್ಲ. ಗೋಡೆಯ ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷ ಹಿಡಿದಿತ್ತು.

ಮರುದಿನ ಬಸ್ಸು ಹತ್ತಿ ಕಡಬಕ್ಕೆ ಹೋದೆ. ಪೆಡಲು ಚೀಲದಲ್ಲಿತ್ತು. ಅವರು ಅಂಗಡಿಯಲ್ಲಿ ಒಂದು ಡಬ್ಬ ಪೈಂಟನ್ನು ಕೋಲಿನಲ್ಲಿ ಕಲಕುತ್ತಿದ್ದರು.

"ಒಂದು ವಿಷಯ ಹೇಳ್ಲಿಕ್ಕೆ ಉಂಟು" ಎಂದೆ.

"ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ರೂ ಹುಷಾರಿದ್ದಾರೆ."

"ಮತ್ತೆ ಮುಖ ಯಾಕೆ ಹಾಗೆ ಮಾಡುದು? ಕೂತ್ಕೊಳ್ಳಿ."

ನಾನು ನಿಂತೇ ಹೇಳಿದೆ. ಪೂಜೆ, ಕಾಯಿ, ನೀರು, ಸ್ಕ್ರೂಡ್ರೈವರು, ಡಿಜಿಟಲ್, ಎಲ್ಲ. ಮಧ್ಯದಲ್ಲಿ ಒಬ್ಬರು ಒಂದಿಂಚಿನ ಮೊಳೆ ಕೇಳಿಕೊಂಡು ಬಂದರು. ಕಡಬದವರು ಮೊಳೆ ತೂಗಿ ಪೊಟ್ಟಣ ಕಟ್ಟಿ ಕೊಟ್ಟು, "ಹೇಳಿ" ಎಂದರು. ಮುಗಿಸಿದೆ. ಅವರು ಇನ್ನೂ ಪೈಂಟು ಕಲಕುತ್ತಿದ್ದರು.

"ಪೂಜೆ ಮಾಡಿದ್ದು ಎಂತ ತೊಂದ್ರೆ ಇಲ್ಲ" ಎಂದರು ಕೊನೆಗೆ. "ಕುಂಕುಮ ಇಡಿ, ಹೂ ಇಡಿ. ನೀರು ಯಾಕೆ ಹೊಯ್ದದ್ದು ಮಾರಾಯ್ರೆ? ನೀವು ಇಲೆಕ್ಟ್ರಾನಿಕ್ಸ್‌ನವರಲ್ವಾ?"

ನಾನು ಚೀಲದಿಂದ ಪೆಡಲು ತೆಗೆದು ಅವರ ಮುಂದೆ ಇಟ್ಟೆ. 

"ಅಡಿಕೆ ಹಾಳೆ?" ಎಂದರು.

"ಹಾಳೆ ಸುಳ್ಳು."

"ಪೂರಾ?"

"ಪೂರಾ."

"ಒಂದು ಸಲ ಹಾಳೆ ಮರ್ತು ಹೋಗಿ ಅರ್ಧ ದಾರಿಯಲ್ಲಿ, ಆಲಂಕಾರಿನಲ್ಲಿ, ಬಸ್ಸು ಇಳಿದು ವಾಪಸ್ ಬಂದಿದ್ದೆ ನಾನು. ಆ ದಿವಸ ತಡ ಆಯ್ತು ಅಂತ ನೀವು ಬೈದ್ರಿ." ಕೋಲನ್ನು ಡಬ್ಬದ ಅಂಚಿಗೆ ಒರೆಸಿ ಕೆಳಗಿಟ್ಟರು. ಸ್ವಲ್ಪ ಹೊತ್ತು ತನ್ನ ಎರಡು ಕೈಗಳನ್ನೂ ನೋಡಿಕೊಂಡರು, ಪೈಂಟು ಹತ್ತಿದೆಯೇ ಎಂದು ನೋಡುವ ಹಾಗೆ. "ಹಾಗಾದ್ರೆ ನನ್ನ ಕೈ?"

"ಕೈ ಸರಿ ಇತ್ತು."

"ಮೊದ್ಲಿಂದ?"

"ಮೊದ್ಲಿಂದ. ಹಾಳು ಮಾಡಿದ್ದು ನಾನು."

"ಬನ್ನಿ" ಎಂದರು. ಅಂಗಡಿಯ ಹಿಂದೆಯೇ ಮನೆ. ಅವರ ಹೆಂಡತಿ ಜಗಲಿಯಲ್ಲಿ ಬಟ್ಟೆ ಮಡಚುತ್ತಿದ್ದರು. ಅವರೊಳಗೆ ಬ್ಯಾರಿ ಭಾಷೆಯಲ್ಲಿ ಒಂದಷ್ಟು ಮಾತು ನಡೆಯಿತು. ಅರ್ಧ ನನಗೆ ಅರ್ಥವಾಗುತ್ತದೆ, ಉಳಿದರ್ಧ ಆ ಹೆಂಗಸಿನ ಮುಖದಲ್ಲಿತ್ತು. ಆಮೇಲೆ ಕಡಬದವರು ಕನ್ನಡದಲ್ಲಿ, "ಇವಳ ಎದುರು ಇನ್ನೊಮ್ಮೆ ಹೇಳಿ. ನನ್ನ ಕೈಯ ವಿಷಯ ಮಾತ್ರ ಸಾಕು" ಎಂದರು.

ಹೇಳಿದೆ.

"ಕೈ ಸರಿ ಇತ್ತಂತೆ!" ಎಂದರು ಅವರ ಹೆಂಡತಿ, ಒಂದು ಅಂಗಿಯನ್ನು ಕೊಡವಿ. "ಆರು ವರ್ಷದಿಂದ ಇವರು ಅಡುಗೆ ಮನೆ ಬಾಗಿಲಲ್ಲಿ ಕೂತು ಕಾಲು ಒತ್ತುದು, ಒತ್ತುದು. ಪೆಡಲೂ ಇಲ್ಲ ಏನೂ ಇಲ್ಲ, ಬರೀ ನೆಲ. ನಾನು ವಾತ ಅಂತ ಎಣ್ಣೆ ಕಾಯಿಸಿ ಕಾಯಿಸಿ ಕೊಟ್ಟೆ. ನಿಮಗೆ ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು?" ಎದ್ದು ಒಳಗೆ ಹೊರಟವರು ಬಾಗಿಲಲ್ಲಿ ನಿಂತರು. "ಚಾ ಕುಡಿದು ಹೋಗಿ. ಬಾಕಿ ಉಳಿದದ್ದು ಚಾ ಕೊಟ್ಟ ಮೇಲೆ ಹೇಳ್ತೇನೆ." ಹಾಗೆಯೇ ಮಾಡಿದರು. ಚಾ ಚೆನ್ನಾಗಿತ್ತು. ಉಳಿದದ್ದೂ ಪೂರ್ತಿ ಸಿಕ್ಕಿತು.

ಬಸ್ಸಿಗೆ ಬಿಡಲು ಬಂದಾಗ ಕಡಬದವರು ಹೇಳಿದರು: "ಎಲ್ಲರ ಎದುರು ನನ್ನನ್ನು ಬೇಡ ಅಂದದ್ದಲ್ವಾ? ಇದನ್ನೂ ಅವರ ಎದುರು ಹೇಳ್ಬೇಕು. ಆಮೇಲೆ ಬರುದೋ ಬೇಡವೋ ನೋಡುವ."

ಭಾನುವಾರ ಅವರು ಗಿಟಾರು ತಂದಿದ್ದರು, ಆದರೆ ಪೆಟ್ಟಿಗೆ ತೆರೆಯದೆ ಕುಳಿತಿದ್ದರು. ನಾನು ಹೇಳಿದೆ. ಕಡಬದಲ್ಲಿ ಹೇಳಿದ್ದಕ್ಕಿಂತ ಕಷ್ಟವಾಯಿತು. ತಬಲದವರು ಹೊಟ್ಟೆ ಹಿಡಿದು ನಗಲು ಶುರು ಮಾಡಿದವರು ಮಧ್ಯದಲ್ಲಿ ನಿಲ್ಲಿಸಿದರು. "ಹಾಗಾದ್ರೆ ಸುಳ್ಯದಲ್ಲಿ ನನಗೆ ಬೈದದ್ದು?"

"ಅದೂ ನನ್ನ ತಪ್ಪೇ."

"ನಾನು ಆ ದಿವಸ ಊಟ ಸಹ ಮಾಡ್ಲಿಲ್ಲ ಮಾರಾಯ್ರೆ. ಹೋಳಿಗೆ ಇತ್ತು."

ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಮೂವತ್ತು ವರ್ಷ ಮಕ್ಕಳಿಂದ ನಿಜ ಹೊರಡಿಸಿದವರು. "ಹೇಳ್ಲಿಕ್ಕೆ ಆರು ವರ್ಷ ಯಾಕೆ ಬೇಕಾಯ್ತು?"

"ಮೊದಲ ದಿವಸ ಹೆದರಿಕೆಯಾಯ್ತು. ಆಮೇಲೆ ಅವರು ಲ್ಯಾಮಿನೇಷನ್ ಮಾಡಿಸಿಕೊಂಡು ಬಂದ್ರು" ಎಂದೆ. ಅದು ನಿಜವಾದ ಉತ್ತರ. ಟೀಚರ್ ಕನ್ನಡಕ ಮತ್ತೆ ಹಾಕಿಕೊಂಡರು. 

ಕಡಬದವರು ಮುಚ್ಚಳ ತೆರೆದು, ಒಳಗಿನ ಆ ಕಾರ್ಡನ್ನು ಉಗುರಿನಿಂದ ಎಬ್ಬಿಸಿ ತೆಗೆದು ನನ್ನ ಕೈಯಲ್ಲಿಟ್ಟರು. ಆಮೇಲೆ ಗಿಟಾರು ಹಿಡಿದು, ಪೆಡಲನ್ನು ಬರೀ ನೆಲದ ಮೇಲೆ ಇಟ್ಟು, ಒತ್ತಿ ಒಂದು ತಂತಿ ಮೀಟಿದರು. ನಾದ ಕೋಣೆಯ ಮೂಲೆಯವರೆಗೆ ಹೋಗಿ ಮೆಲ್ಲಗೆ ಇಳಿಯಿತು. "ಹೀಗೇ ಇದ್ದದ್ದು ಅಲ್ಲಿ" ಎಂದರು. ಅವರ ಮುಖ ನೋಡಿ ನಾನು ಎಲ್ಲ ಸರಿಯಾಯಿತು ಎಂದುಕೊಂಡೆ.

ಸರಿಯಾಗಿರಲಿಲ್ಲ. ಸುಳ್ಯದ ಆ ಹಾಡನ್ನೇ ಶುರು ಮಾಡಿದೆವು. ಅವರ ಕಾಲು ಒಂದು ಪೆಟ್ಟು ಮೊದಲೇ ಒತ್ತಿತು, ಕೈ ಅರ್ಧ ಪೆಟ್ಟು ಮೊದಲೇ ಹೊರಟಿತು. ಮತ್ತೆ ಮಾಡಿದೆವು. ಮತ್ತೆ ಹಾಗೆಯೇ. ಪೆಡಲನ್ನು ತೆಗೆದಿಟ್ಟೆವು, ಕಾಲು ಬರೀ ನೆಲವನ್ನು ಒತ್ತಿತು, ಕೈ ಹೊರಟಿತು. ಹತ್ತು ಸಲ ಆದ ಮೇಲೆ ಅವರು ಗಿಟಾರನ್ನು ಮಡಿಲಲ್ಲಿ ಮಲಗಿಸಿದರು.

"ಪೆಡಲು ರಿಪೇರಿ ಆಯ್ತು ಅಣ್ಣಾ. ಈಗ ಹಾಳಾದದ್ದು ನಾನು."

 ನನ್ನ ಅಂಗಡಿಯಲ್ಲಿ ಇದಕ್ಕೆ ಯಾವ ಸಾಧನವೂ ಇರಲಿಲ್ಲ.

"ನಾನು ಎಣಿಸ್ತೇನೆ" ಎಂದೆ.

"ಎಂತ ಎಣಿಸುದು?"

"ತಾಳ. ಒಂದು, ಎರಡು, ಮೂರು, ನಾಲ್ಕು. ಕಾಲು ನೋಡ್ಬೇಡಿ, ನನ್ನನ್ನು ಕೇಳಿ."

"ಮನಸ್ಸಿನಲ್ಲಿ ಎಣಿಸಿದ್ರೆ ಆಗುದಿಲ್ಲ."

"ಬಾಯಲ್ಲೇ."

"ಪ್ರೋಗ್ರಾಮಿನಲ್ಲೂ?"

"ಪ್ರೋಗ್ರಾಮಿನಲ್ಲೂ."

"ಎಲ್ಲರಿಗೂ ಕೇಳ್ತದೆ."

"ಕೇಳ್ಲಿ" ಎಂದೆ.

ಅಂದಿನಿಂದ ಪ್ರತಿ ಗುರುವಾರ ಊಟವಾದ ಮೇಲೆ ಕಡಬಕ್ಕೆ ಹೋಗುತ್ತೇನೆ. ಆ ಹೊತ್ತಿಗೆ ಅವರ ಅಂಗಡಿಯಲ್ಲಿ ವ್ಯಾಪಾರ ಕಡಿಮೆ. ಪೈಂಟು ಡಬ್ಬಗಳ ನಡುವೆ ಎರಡು ಸ್ಟೂಲು ಹಾಕಿ ಕುಳಿತು ನಾನು ಎಣಿಸುವುದು, ಅವರು ನುಡಿಸುವುದು. ಗಿರಾಕಿ ಬಂದರೆ ನಿಲ್ಲಿಸುತ್ತೇವೆ. ಒಬ್ಬರು ಬಾಗಿಲಲ್ಲೇ ನಿಂತು, "ಸ್ಟಾಕ್ ತೆಗೆಯುದಾ? ನಾಲ್ಕೇ ಡಬ್ಬ ಉಂಟಾ ಮಾರಾಯ್ರೆ?" ಎಂದು ಕೇಳಿದರು. ಕಡಬದವರ ಹೆಂಡತಿ ಒಳಗಿನಿಂದ ಚಾ ತಂದಿಟ್ಟು, "ಇವತ್ತು ಎಲ್ಲಿಗೆ ಮುಟ್ಟಿತು?" ಎನ್ನುತ್ತಾರೆ. ಅರ್ಧ ಪೆಟ್ಟು ಕಾಲು ಪೆಟ್ಟಿಗೆ ಇಳಿಯಲು ಎರಡು ತಿಂಗಳು ಹಿಡಿಯಿತು. ಹಾಳು ಮಾಡಲು ಒಂದು ಗಡಿ ನೀರು ಸಾಕಾಗಿತ್ತು.

ಈಚೆಗೆ ನೆಟ್ಟಣದಲ್ಲಿ ಒಂದು ಬೀಳ್ಕೊಡುಗೆ. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುತ್ತಿದ್ದವರು ನಿವೃತ್ತರಾದದ್ದು. ಸ್ಟೇಷನ್ನಿನ ಹತ್ತಿರದ ಸಣ್ಣ ಹಾಲು. ಸುಳ್ಯದ ನಂತರ ಕಡಬದವರು ಜನರ ಎದುರು ಕುಳಿತದ್ದು ಅದೇ ಮೊದಲು. ಅವರ ಹೆಂಡತಿಯೂ ಬಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ಕಡಬದವರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು. "ಮೈಕಿಗೆ ಹತ್ತಿರ ಎಣಿಸಿ" ಎಂದರು. "ನನಗೆ ಕೇಳ್ಬೇಕು."

ನಾನು ಮೈಕನ್ನು ಬಾಯಿಗೆ ಎಳೆದುಕೊಂಡು, ಒಂದು, ಎರಡು, ಮೂರು, ನಾಲ್ಕು ಎಂದೆ. ಹಾಲಿನ ಹಿಂದಿನಿಂದ ಮೈಕಿನವನು ಕೈ ಎತ್ತಿ "ಕೇಳ್ತದೆ, ಕೇಳ್ತದೆ" ಎಂದ. ನಾನು ನಿಲ್ಲಿಸಲಿಲ್ಲ. ಮತ್ತೆ ಒಂದು, ಎರಡು, ಮೂರು, ನಾಲ್ಕು. ಕೆಲವರು ನಕ್ಕರು. ಎದುರಿಗೆ ಕುಳಿತ ಒಬ್ಬರು ಹಿರಿಯರು ಬೆರಳು ಮಡಚಿ ನನ್ನ ಜೊತೆ ಎಣಿಸತೊಡಗಿದರು. ಗಿಟಾರು ಹೊರಟಿತು, ಕಾಲು ಪೆಟ್ಟು ಮುಂಚೆ, ಎಣಿಕೆಯ ಮೂರೂಮುಕ್ಕಾಲಿಗೆ. ತಬಲದವರು ಅದನ್ನು ಮೊದಲೇ ಕಾಯುತ್ತಿದ್ದ ಹಾಗೆ ಹಿಡಿದುಕೊಂಡರು. ಟೀಚರ್ ಸರಿಯಾದ ಜಾಗದಿಂದ ಎತ್ತಿದರು. ಹಾಡು ನಿಲ್ಲಲಿಲ್ಲ. ನಾನು ಹಾಡಿನ ಉದ್ದಕ್ಕೂ ಎಣಿಸಿದೆ. ಮೂರನೆಯ ಹಾಡಿಗೆ ಕಡಬದವರು ಸರಿಯಾಗಿ ಪೆಟ್ಟಿನ ಮೇಲೆ ಬಂದರು. ಅವರು ನನ್ನ ಕಡೆ ನೋಡಲಿಲ್ಲ. ನೇರ ಮೂರನೆಯ ಸಾಲು ನೋಡಿದರು.

ಮಧ್ಯೆ ಶರಬತ್ತು ತಂದ ನಿವೃತ್ತರ ಹೆಂಡತಿ ಕಡಬದವರ ಹತ್ತಿರ ಬಗ್ಗಿ, "ಆ ಅಜ್ಜ ಯಾಕೆ ಇಡೀ ಎಣಿಸುದು? ತಲೆಗೆ ಏನಾದ್ರೂ?" ಎಂದು ಕೇಳಿದ್ದು ನನಗೆ ಕೇಳಿಸಿತು.

"ತಲೆ ಸರಿ ಉಂಟು" ಎಂದರು ಕಡಬದವರು ಶರಬತ್ತು ತೆಗೆದುಕೊಳ್ಳುತ್ತಾ. "ಅವರದ್ದೊಂದು ಹರಕೆ."

"ಹೌದಾ? ಎಷ್ಟು ಸಮಯದ್ದು?"

"ಆರು ವರ್ಷ."

ಆ ಹೆಂಗಸು ನನ್ನ ಕಡೆ ತಿರುಗಿ ಭಕ್ತಿಯಿಂದ ಕೈ ಮುಗಿದು, ನನಗೆ ಎರಡು ಲೋಟ ಕೊಟ್ಟರು. ನಾನು ಎರಡನ್ನೂ ಕುಡಿದೆ. ಆಮೇಲೆ ನಾಲ್ಕನೆಯ ಹಾಡಿಗೆ ಮೈಕನ್ನು ಹತ್ತಿರ ಎಳೆದುಕೊಂಡೆ.